ಸಾವಕಾಶ ಕುಂತ್ರ ನೋವಾಗಂಗಿಲ್ಲ

ಏಳಬ್ಯಾಡ, ಏಳಬ್ಯಾಡ... ಮಲಕೋ ಅಂದ್ರ ಮಲಕೋ. ನಾನೇನು ಬೀಗರ ಪೈಕಿ ಏನು, ನನ್ನ ನೋಡಿ ಎದ್ದು ಕುಂದ್ರಾಕ? ಹಾಂ, ಹಂಗ. ಏನು ಹೇಳಾಕತ್ತಿದ್ದೆ ನಾನು... ಹಾಂ, ಪೊಲೀಸ್ರು. ಊಟ ಮುಗಿಸಿಕೊಂಡು ಬರ್ತೀವಿ ಅಂದಾರ. ಅವರು ಬರೂದ್ರಾಗ ನಾವಿಬ್ರೂ ಒಂದು ಮಾತಿಗೆ ಬರಬೇಕು, ವೀರೇಶ. ನಾವಿಬ್ರೂ ಅಂದ್ರ... ನಾ ಮಾತಾಡ್ತೀನಿ, ನೀ ಕೇಳ್ತಿ. ದವಡಿ ಮುರದೈತಿ, ಹಲ್ಲಿಗೆ ಹಲ್ಲು ಸೇರಿಸಿ ತಂತಿ ಬಿಗದೀವಿ, ತಿಂಗಳೊಪ್ಪತ್ತು ಮಾತು ಬರಂಗಿಲ್ಲ ಅಂತ ಡಾಕ್ಟರ್ ನನಗ ಹೇಳ್ಯಾರ. ಇರಲಿ ಬಿಡು. ಮಾತು ಯಾರಿಗೆ ಬೇಕಾಗೈತಿ? ತಲಿ ಆಡಿಸಿದ್ರ ಸಾಕು.

ಯಾಕ ಬಾಗಲಾ ನೋಡ್ತಿ? ರೇಣುಕಮ್ಮ ಬರ್ತಾಳ. ಪಾಪ, ಮೊನ್ನಿಂದ ಒಂದು ತುತ್ತು ತಿಂದಿಲ್ಲ ನಿನ್ನ ಹೇಣ್ತಿ. ಹೋಗವ್ವ, ಚಾ ಕುಡದು ಬಾ, ನಿನ್ನ ಗಂಡನ ಬಾಜೂಕ ನಾ ಕುಂತಿರ್ತೀನಿ ಅಂತ ನಾನೇ ಕಳಿಸೀನಿ. ಕೈ ಮುಗದು ಹೋದ್ಲು. ಬಾಗಲಾನೂ ನಾನೇ ಮುಂದ ಮಾಡಿ ಮುಚ್ಚೀನಿ. ಗಾಳಿಗೆ ಬಡೀತಿತ್ತು.

ಈ ಕೈಯಾ? ಏನಿಲ್ಲ. ಸೋಲ್ಡರ್ ಮಾಡೂಮುಂದ ಸುಟ್ಟೈತಿ. ಕರ್ಚೀಪು ಸುತ್ತೀನಿ, ಅಷ್ಟ. ನೀ ನಿನ್ನ ನೋವು ನೋಡಿಕೋ.

ನಿನ್ನ ಇಲ್ಲೀತನ ತಂದಾಂವ ನಾನು, ಅದನ್ನ ಮರೀಬ್ಯಾಡ. ಸಿಂಧನೂರು ದವಾಖಾನಿ ಮುಂದ ಸಾಲಗುಂದದ ಮಂದಿ ಗುಂಪುಗುಂಪು ಕುಂತಿತ್ತು. ಒಳಗ ಅವರೂರ ಹಮಾಲಿ ಗದ್ದೆಪ್ಪನ ಹೆಣ. ಅಲ್ಲಿಗೆ ನಿನ್ನ ಒಯ್ದಿದ್ರ ಅವತ್ತ ಎರಡನೇ ಹೆಣ ಬೀಳ್ತಿತ್ತು. ನಾನೇ ನನ್ನ ಗಾಡ್ಯಾಗ ಹಾಕ್ಕೊಂಡು, ಮಸ್ಕಿ ದಾಟಿ, ಲಿಂಗಸುಗೂರಿಗೆ ತಂದೆ. ಸೀಟಿನ ತುಂಬ ನಿನ್ನ ರಕ್ತ. ಮಸ್ಕ್ಯಾಗ ನಿಂದ್ರಿಸಿ ನಿನ್ನ ಮಾರಿ ತೊಳದೆ. ಒಂದು ಬಾಟಲಿ ನೀರು ಪೂರಾ ಕೆಂಪಾತು. ನೆನಪೈತೇನು? ಇಲ್ಲ ಬಿಡು, ನಿನಗ ಎಚ್ಚರ ಎಲ್ಲಿತ್ತು.

ಮತ್ತ ನಿನಗಷ್ಟ ಬಡದಾರ ಅನ್ಕೋಬ್ಯಾಡ. ಸಿಂಧನೂರಾಗ ನನ್ನ ಅಂಗಡಿ ಈಗ ಅಂಗಡಿ ಅಲ್ಲ. ಅದ ಮಂದಿ ಟ್ರ್ಯಾಕ್ಟರ್ ತುಂಬ ಬಂದ್ರು. ಶೆಟರ್ ಬಗ್ಗಿಸಿದ್ರು, ಗಾಜು ಪುಡಿ ಮಾಡಿದ್ರು, ಮಾಡಿಟ್ಟ ಸರ್ಕಿಟ್ ಬೋರ್ಡು ಎಲ್ಲಾ ರಸ್ತೆದಾಗ ಸುರುವಿ ಮ್ಯಾಲ ಟ್ರ್ಯಾಕ್ಟರ್ ಹಾಯಿಸಿದ್ರು. ಸಿಗ್ನಲ್ಲಿನ ಗೆರಿ ತೋರಸ್ತಿತ್ತಲ್ಲ ಆ ಸ್ಕೋಪು, ಅದನ್ನ ಎತ್ತಿ ಗಟಾರಕ್ಕ ಒಗದ್ರು. ಒಬ್ಬಾಂವ ಸಲಿಕಿ ತಗೊಂಡು ಬಾಗಲದ ಮ್ಯಾಲಿನ ಹೆಸರಿನ ಬೋರ್ಡಿಗೆ ಬಡದು ಬಡದು, 'ಶಿವಕಾಂತ' ಅನ್ನೂ ನನ್ನ ಹೆಸರು ಹೋಗಿ 'ಎಲೆಕ್ಟ್ರಾನಿಕ್ಸ್' ಅಷ್ಟ ಉಳದೈತಿ. ಯಾಕ ನಗ್ತಿ? ತುಟಿ ಅಲ್ಲಾಡಲಿಲ್ಲ ಖರೇ, ಕಣ್ಣಾಗ ನಕ್ಕಿ. ನಂದಿನಿ ಒಳಗ ಇದ್ಲು ಆವಾಗ. ಬೋರ್ಡು ಕೂಡಿಸೋ ಹುಡುಗಿ, ಡಿಪ್ಲೊಮಾ ಕಲ್ತಾಕಿ, ಮೇಜಿನ ಕೆಳಗ ಹೊಕ್ಕೊಂಡು ತಲಿ ಉಳಿಸಿಕೊಂಡಾಳ. ಅಕಿಗೆ ಏನಾರ ಆಗಿದ್ರ ಯಾರು ಜವಾಬ್ದಾರಿ? ನೀನ ಹೇಳು.

ಆತು. ಈಗ ಲಕ್ಷ್ಯ ಕೊಟ್ಟು ಕೇಳು. ಪೊಲೀಸ್ರು ಮೊದಲಿಂದ ಕೇಳ್ತಾರ, ನಾನೂ ಮೊದಲಿಂದ ಹೇಳ್ತೀನಿ. ಎಲ್ಲಿ ತಲಿ ಆಡಿಸಬೇಕು ಅನ್ನೂದು ನಿನಗ ತಿಳೀಬೇಕು. ಕಣ್ಣು ಮುಚ್ಚಬ್ಯಾಡ.

ತುರ್ವಿಹಾಳದಾಗ ಬಸವಲಿಂಗ ಸಾವಕಾರ್ರ ಹೊಸ ರೈಸ್ ಮಿಲ್ಲು. ವಾಯರು ಎಳದಾಂವ ನೀ, ಬೋರ್ಡು ಮಾಡಿದಾಂವ ನಾ. ಗೇಟಿನ ಹತ್ರ ಒಂದು ಡಬ್ಬಿ, ಅದಕ್ಕ ಎರಡು ಬಟನ್ನು. ಹಸಿರು ಒತ್ತಿದ್ರ ನೆಲ್ಲು ಒಯ್ಯೋ ಬೆಲ್ಟು ಚಾಲೂ. ಹಳದಿ ಒತ್ತಿದ್ರ ಲಾರಿ ಬಂತು ಅಂತ ಒಳಗ ಗಂಟಿ ಹೊಡೀತೈತಿ. ಆ ಎರಡೂ ವಾಯರು ಒಂದ ಕೇಬಲ್ಲಿನ್ಯಾಗ ಹೊಕ್ಕು ಒಳಗಿನ ಪ್ಯಾನೆಲ್ ಖೋಲಿತನ ಹೋಗ್ತಾವ. ಎಷ್ಟು ದೂರ ಅಂದ್ರ ನಡದು ಹೋಗೂದ್ರಾಗ ಒಂದು ಬೀಡಿ ಮುಗೀತೈತಿ. ಇಲ್ಲೀತನ ಬರೋಬರಿ? ಹಾಂ.

ಮೊನ್ನೆ ಹುಲ್ಲು ಸಿಕ್ಕು ಬೆಲ್ಟು ಬಿಗಿ ಆತು. ಹಮಾಲಿ ಗದ್ದೆಪ್ಪ ಪ್ಯಾನೆಲ್ ಖೋಲಿಗೆ ಹೋಗಿ ಬೆಲ್ಟು ಬಂದ್ ಮಾಡಿ ಬಂದ. ಬೆಲ್ಟು ನಿಂತಿತು. ನಿಂತದ್ದನ್ನ ಹತ್ತು ಮಂದಿ ನೋಡ್ಯಾರ. ಬೆಲ್ಟು ತಿರುಗಸೋ ರೂಳಿನ ಕೆಳಗ ಕೈ ಹಾಕಿದ, ಭುಜದ ಮಟ ಹಾಕಿದ, ಹುಲ್ಲು ಕೀಳಾಕತ್ತಿದ. ಅಷ್ಟ್ರಾಗ ಗೇಟಿಗೆ ಲಾರಿ ಬಂತು. ನೀ ಅಲ್ಲೇ ಇದ್ದಿ. ಒಂದು ಬಟನ್ನು ಒತ್ತಿದಿ. ಒಂದ ಸಲ. ಬೆಲ್ಟು ಓಡ್ತು.

ನೀನೂ ನೋಡಿದಿ, ನಾನೂ ನೋಡಿದೆ. ಗದ್ದೆಪ್ಪ ಒದರೂದ್ರಾಗ ಕೈ ಹೋಗಿತ್ತು, ಓಡಿ ಹೋಗೂದ್ರಾಗ ಭುಜ ಹೋಗಿತ್ತು. ತೊಗರಿಕಟಿಗಿ ಮುರದಂಗ ಸಪ್ಪಳ. ಮಾರಿ ರೂಳಿಗೆ ಬಡದು ಬಡದು... ಒಬ್ಬಾಂವ ಕಾಲು ಹಿಡದು ಹಿಂದಕ್ಕ ಎಳ್ಯಾಕತ್ತಿದ್ದ, ಬೆಲ್ಟು ಮುಂದಕ್ಕ ಎಳ್ಯಾಕತ್ತಿತ್ತು. ಮೇನ್ ಸ್ವಿಚ್ ತೆಗಿಯೂದ್ರಾಗ ಮುಗದಿತ್ತು. ಮ್ಯಾಲ ಗೋದಾಮಿನ್ಯಾಗ ನೆಲ್ಲು ಬೀಳತೈತಲ್ಲ, ಆ ರಾಶಿ ಮ್ಯಾಲ ಅವನ ಕೈಗಡಗ ಬಿದ್ದಿತ್ತು. ಕಡಗದ ಕೂಡ ಮುಂಗೈನೂ.

ಅತ್ರೇನು ಬರ್ತೈತಿ? ಅಳಬ್ಯಾಡ, ಮೂಗು ಕಟ್ತೈತಿ, ಬಾಯಿಲೆ ಉಸಿರು ತಗೊಳ್ಳಾಕೂ ಬರಂಗಿಲ್ಲ ನಿನಗ. ಕೇಳು. ಪೊಲೀಸ್ರು ಒಂದ ಪ್ರಶ್ನೆ ಕೇಳ್ತಾರ. ಹಳದಿ ಒತ್ತೂದು ಬಿಟ್ಟು ತಪ್ಪಿ ಹಸಿರು ಒತ್ತಿದೇನು ಅಂತ. ನೀ ಹೌದು ಅಂತ ತಲಿ ಆಡಿಸ್ತಿ. ಮುಗೀತು. ಬೇಕಂತ ಮಾಡಿದ್ದಲ್ಲ, ಲಾರಿ ಗಡಿಬಿಡ್ಯಾಗ ಕೈಬಟ್ಟು ತಪ್ಪೈತಿ. ಎಂಥಾವ್ರಿಗೂ ಆಗೂದು. ವಕೀಲ್ರನ್ನ ನಾ ಇಡ್ತೀನಿ, ರೇಣುಕಮ್ಮನ ನಾ ನೋಡಿಕೊಳ್ತೀನಿ...

ಯಾಕ ಹಂಗ ತಲಿ ಹೊಳ್ಳಸ್ತಿ? ಇಲ್ಲ ಅಂತೀಯೇನು? ಹಳದಿನ ಒತ್ತಿದೆ ಅಂತೀಯೇನು?

ಹೌದಪ್ಪ. ಹಳದಿನ ಒತ್ತಿದಿ. ನನಗ ಗೊತ್ತಿಲ್ಲೇನು? ಸಮಾಧಾನ ಆತಾ? ನಿನ್ನ ಕಡಿಂದ ಏನೂ ಗಲ್ತಿ ಇಲ್ಲ. ಆದ್ರ ಇದನ್ನ ನಂಬಾವ್ರು ಯಾರು? ನೀ ಬಟನ್ನು ಒತ್ತಿದ್ದನ್ನ ಎಲ್ಲಾರೂ ನೋಡ್ಯಾರ, ಬೆಲ್ಟು ಓಡಿದ್ದನ್ನ ಎಲ್ಲಾರೂ ನೋಡ್ಯಾರ. ನಡುವ ಏನಾತು ಅನ್ನೂದನ್ನ ಯಾರೂ ನೋಡಿಲ್ಲ, ಯಾಕಂದ್ರ ಅದು ಕಣ್ಣಿಗೆ ಕಾಣೂದಲ್ಲ. ಹೇಳ್ತೀನಿ ಕೇಳು, ತಲಿಗೆ ಹೋದ್ರ ನಿನಗೂ ಹಗುರ ಆಗತೈತಿ.

ಸಿಗ್ನಲ್ ಅಂದ್ರ ಏನು? ಸೊನ್ನಿ ಇದ್ದದ್ದು ಐದು ವೋಲ್ಟಿಗೆ ಏರೂದು. ಏರತೈತಲ್ಲ, ಆ ಏರಿಗೆ ಎಡ್ಜ್ ಅಂತಾರ. ಅಂಚು. ಮಂದಿ ಏನ್ ತಿಳಕೊಂಡಾರ, ದಿನಕ್ಕ ಲಕ್ಷ ಸಲ ಹೋಗಿ ಬರೂ ಸಿಗ್ನಲ್ ಇದ್ರ ಅಷ್ಟ ಜ್ವಾಕಿ ಬೇಕು, ಎಂದೋ ಒಮ್ಮೆ ಒತ್ತೂ ಬಟನ್ನಿಗೆ ಏನು ಬೇಕು ಅಂತ. ನಾನೂ ಹಂಗ ತಿಳಕೊಂಡಿದ್ದೆ. ಎಷ್ಟು ಸಲ ಅನ್ನೂದು ಮುಖ್ಯ ಅಲ್ಲ ವೀರೇಶ. ಒಮ್ಮೆ ಏರಿದ್ರೂ ಎಷ್ಟು ಝಟ್ಟನ ಏರ್ತು ಅನ್ನೂದು ಮುಖ್ಯ.

ತಿಳೀಲಿಲ್ಲ? ತಾಳು. ಈಗ ನಾ ಎದ್ದು ನಿಂತೆ. ಈಗ ನಿನ್ನ ಮಂಚದ ಮ್ಯಾಲ, ಕಾಲ ಹತ್ರ ಕುಂದ್ರತೀನಿ. ಸಾವಕಾಶ... ಸಾವಕಾಶ... ಕುಂತೆ. ನೋವಾತೇನು? ಇಲ್ಲ. ನಾ ಕುಂತದ್ದ ನಿನಗ ಗೊತ್ತಾಗಲಿಲ್ಲ. ಈಗ ಎದ್ದೆ. ಈಗ ಮತ್ತ ಕುಂದ್ರತೀನಿ...

ಒದರಬ್ಯಾಡ! ಒದರಬ್ಯಾಡೋ, ಹಲ್ಲಿನ ತಂತಿ ಹರೀತೈತಿ... ಪಕ್ಕಡಿ ಹಿಡಕೋಬ್ಯಾಡ, ಪಕ್ಕದ ಎಲುಬು ಮುರದದ್ದಕ್ಕ ನೋಯ್ತೈತಿ. ಉಸಿರು ಬಿಡು. ನೋಡಿದಿ? ಅದ ನಾನು. ಅದ ಮೈತೂಕ. ಆವಾಗೂ ಒಮ್ಮೆ ಕುಂತೆ, ಈಗೂ ಒಮ್ಮೆ ಕುಂತೆ. ಬ್ಯಾರೆ ಏನಿತ್ತು? ಝಟ್ಟನ ಕುಂತೆ, ಅಷ್ಟ. ನಾ ನಿನ್ನ ಮುಟ್ಟಲೇ ಇಲ್ಲ ನೋಡು, ಮಂಚ ಒಂದ ಇದ್ದದ್ದಕ್ಕ ನನ್ನ ಧಕ್ಕಿ ನಿನಗ ಬಡೀತು. ಹಂಗ, ಕೇಬಲ್ ಒಂದ ಇದ್ದದ್ದಕ್ಕ ಹಳದಿಯ ಧಕ್ಕಿ ಹಸಿರಿಗೆ ಬಡೀತು. ಹಳದಿ ಸಾವಕಾಶ ಏರಿದ್ರ ಬಾಜೂಕಿನ ಹಸಿರಿಗೆ ಸುದ್ದಿನ ಹತ್ತಂಗಿಲ್ಲ. ಝಟ್ಟನ ಏರ್ತಂದ್ರ ಯಾರೂ ಒತ್ತಲಾರದನ ಹಸಿರು ವಾಯರ್ನ್ಯಾಗ ಸಿಗ್ನಲ್ಲಿನ ಒಂದು ಸಣ್ಣ ಎಳಿ ಏಳತೈತಿ. ಒಳಗಿನ ಪ್ಯಾನೆಲ್ಲು ಅದನ್ನ ನೋಡಿ, ಓಹೋ, ಯಾರೋ ಹಸಿರು ಒತ್ಯಾರ, ಬೆಲ್ಟು ಚಾಲೂ ಮಾಡು ಅಂತೈತಿ. ಬೆಲ್ಟು ಓಡುವಾಗ ಗಂಟಿ ಹೊಡದ್ರ ಇದು ಯಾರಿಗೂ ತಿಳಿಯಂಗಿಲ್ಲ, ಓಡೂದಕ್ಕ ಓಡು ಅಂದಂಗ. ಬೆಲ್ಟು ನಿಂತಿರಬೇಕು, ಆವಾಗ ಗಂಟಿ ಹೊಡೀಬೇಕು. ಮೊನ್ನೆ ಹಂಗ ಆತು.

ಯಾರು? ಹಾಂ ಬರ್ರಿ ಸಿಸ್ಟರ್, ಏನಿಲ್ರಿ. ಹೊಳ್ಳಿ ಮಲಗಾಕ ಹೋಗಿ ಒದರಿದ. ನೀವು ಸುರೇಖಾ ಸಿಸ್ಟರ್ ಅಲ್ಲೇನು? ರೇಣುಕಮ್ಮ ಭಾಳ ಹೇಳತಿದ್ಲು ನಿಮ್ಮ ಬಗ್ಗೆ. ಇದಾ? ಇದು ಸುಟ್ಟೈತ್ರಿ. ಇಲ್ರಿ, ಬಿಚ್ಚೂದು ಬ್ಯಾಡ. ಸುಟ್ಟ ಗಾಯಕ್ಕ ಹಿಂಗ ಬಾವು ಬರಂಗಿಲ್ಲ ಅಂತೀರಾ? ಕೀವು ಆಗೈತೇನೋ, ಸಂಜೀಕ ತೋರಸ್ತೀನ್ರಿ. ಇಲ್ಲ ಅಂದೆ ಅಲ್ರಿ! ...ಬೇಜಾರು ಮಾಡ್ಕೋಬ್ಯಾಡ್ರಿ, ಮೂರು ದಿವಸದಿಂದ ನಿದ್ದಿಲ್ಲ. ಬಾಗಲಾ ಮುಂದ ಮಾಡ್ಕೊಂಡು ಹೋಗ್ರಿ.

ಭಾಳ ಮಾತು ಈಕಿದು. ಎಲ್ಲಿದ್ದೆ? ಹಾಂ, ಝಟ್ಟನ ಯಾಕ ಏರ್ತು ಅನ್ನೂದು.

ಡಬ್ಬ್ಯಾಗಿನ ಬೋರ್ಡಿನ ಮ್ಯಾಲ ಒಂದು ಚಿಪ್ಪು, ಐಸಿ ಅಂತಾರಲ್ಲ, ಅದು ಇರತೈತಿ, ಬಟನ್ನು ಒತ್ತಿದ್ದನ್ನ ವಾಯರ್ಗುಂಟ ಕಳಸೂದು ಅದು. ಇಷ್ಟು ವರ್ಸ ಹಾಕಿದ್ದು ಹಳೇ ಚಿಪ್ಪು. ಸಮಾಧಾನದ್ದು. ಏರಿದ್ರೂ ಸಾವಕಾಶ ಏರ್ತಿತ್ತು, ಪ್ಯಾನೆಲ್ಲಿನ್ಯಾಗಿನದೂ ಅಂಥಾದ್ದ, ಸಣ್ಣಪುಟ್ಟ ಎಳಿ ಬಂದ್ರ ಅದಕ್ಕ ಕೇಳಸ್ತನ ಇರಲಿಲ್ಲ, ಕಿವಿ ಮಂದ ಇದ್ದಂಗ. ಈ ಸಲ ಹೈದರಾಬಾದಿನ್ಯಾಗ ಅದು ಸಿಗಲಿಲ್ಲ. ಅಂಗಡ್ಯಾಂವ ಬ್ಯಾರೆದು ಕೊಟ್ಟ. ಅದ ಕಾಲು, ಅದ ಅಳತಿ, ಹೆಸರಿನ್ಯಾಗ ಒಂದಕ್ಷರ ಅಷ್ಟ ಬ್ಯಾರೆ. ಇದು ಜಲ್ದಿ ಕೆಲಸ ಮಾಡತೈತಿ ಸಾವಕಾರ, ಹೊಸ ನಮೂನಿ ಅಂದ. ಜಲ್ದಿ ಅಂದ್ರ ಚಲೋನ ಅಲ್ಲೇನು? ನೀನಾಗಿದ್ರೂ ತರ್ತಿದ್ದಿ.

ನಂದಿನಿ ತಕರಾರು ತೆಗದ್ಲು. ಕೇಬಲ್ಲಿನ ಸುರುಳಿ ಅಂಗಳದ ತುಂಬ ಬಿಚ್ಚಿ ಹಾಸಿ, ಸ್ಕೋಪು ಹಚ್ಚಿ, ಹಳದಿ ಒತ್ತಿದ್ಲು. ಹಸಿರಿನ ಗೆರಿ ಮ್ಯಾಲ ಒಂದು ಮುಳ್ಳು ಎದ್ದಿತ್ತು. ಜಾಲಿ ಮುಳ್ಳಿನಂಗ ಸಣ್ಣದು, ನಿಟ್ಟನೆದು. ನನ್ನ ಕಣ್ಣಿಗೇ ಚುಚ್ಚಿದಂಗ ಆತು... ಅಲ್ಲ, ಚುಚ್ಚಿದಂಗ ಕಾಣತಿತ್ತಂತ ಅಕಿ ಹೇಳಿದ್ಲು. ಅಕಿ ಹೇಳಿದ್ದು ನಾ ಕೇಳೀನಿ. ದಿನಕ್ಕ ನಾಕು ಸಲ ಹೊಡಿಯೂ ಗಂಟಿಗೆ ಯಾಕ ಇಷ್ಟು ತಲಿ ಕೆಡಿಸಿಕೊಳ್ತಿ ಬೇ ಅಂದೆ. ಎಷ್ಟು ಸಲ ಅನ್ನೂದಲ್ಲ ಸರ್, ಎಷ್ಟು ಝಟ್ಟನ ಅನ್ನೂದು ಅಂತ ಅಕಿನ ಅಂದದ್ದು ಆ ಮಾತು. ನಂದಲ್ಲ. ಚಲೋ ಮಾತು ಅಂತ ನಾ ಇಟಗೊಂಡೀನಿ.

ಮತ್ತ ಸುಮ್ನ ಕುಂದರಲಿಲ್ಲ ಆ ಹುಡುಗಿ. ಬೋರ್ಡಿನ ಮ್ಯಾಲಿನ ತಾಮ್ರದ ಗೆರಿ ಕೊರದು, ಒಂದೊಂದು ವಾಯರಿಗೆ ಒಂದೊಂದು ರೆಸಿಸ್ಟರ್ ಕೂಡಿಸಿದ್ಲು. ಬಂಡಿಗೆ ಬ್ರೇಕು ಇದ್ದಂಗ ಅದು, ಏರೂ ಸಿಗ್ನಲ್ಲನ್ನ ಸ್ವಲ್ಪ ಹಿಡದು ಬಿಡತೈತಿ. ಮುಳ್ಳು ಹೋತು. ಗೆರಿ ನುಣ್ಣಗಾತು. ಬೋರ್ಡಿನ್ಯಾಗ ಅದಕ್ಕ ಜಾಗ ಇರಲಿಲ್ಲಲ್ಲ, ಡೊಂಕುಡೊಂಕು ನಿಂದ್ರಿಸಿ, ಅಳ್ಳಾಡಬಾರ್ದು ಅಂತ ಮ್ಯಾಲ ಅಂಟು ಸುರುವಿದ್ಲು. ಮೂಗಿನ ಸಿಂಬಳ ಬಡದಂಗ ಕಾಣತಿತ್ತು. ಇಪ್ಪತ್ತು ವರ್ಸ ಆತು ವೀರೇಶ ನಾ ಬೋರ್ಡು ಮಾಡಾಕತ್ತು, ನನ್ನ ಕೆಲಸದಾಗ ಒಂದು ತಂತಿ ಸೊಟ್ಟ ಇರಂಗಿಲ್ಲ. ಬಂಗಾರದ ಕೆಲಸ ಇದ್ದಂಗ ಐತಿ ಶಿವಕಾಂತಂದು ಅಂತ ಮಂದಿ ಅಂತಾರ. ಅನ್ನತಿದ್ರು.

ಪೂಜಾದ ದಿವಸ ನೀನೂ ಇದ್ದಿಯಲ್ಲ. ನಮ್ಮ ಕಡಿ ಪದ್ಧತಿ, ಹೊಸ ಪ್ಯಾನೆಲ್ಲಿಗೆ ಕರೆಂಟು ಕೊಡೂಕ ಮೊದಲು ಬಾಗಲಾ, ಡಬ್ಬಿ ಎಲ್ಲಾ ತೆರದಿಡಬೇಕು. ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೀಬೇಕು. ಕರಿಬಸಯ್ಯ ಸ್ವಾಮಿಗಳು ಬಂದ್ರು, ಊರ ಮಂದಿ ಬಂತು, ಸುತ್ತಿನ ಮಿಲ್ಲಿನ ಸಾವಕಾರ್ರೂ ಬಂದ್ರು. ಕಾಯಿ ಒಡದ ಮ್ಯಾಲ ಒಬ್ಬೊಬ್ರೂ ಬಗ್ಗಿ ಡಬ್ಬಿ ಒಳಗ ಹಣಿಕಿ ಹಾಕೂದು, ಫೋಟೋ ಹೊಡಕೊಳ್ಳೂದು. ಮದುವಿ ಮನ್ಯಾಗ ಮದುಮಗಳ ಮಾರಿ ನೋಡಿದಂಗ ನೋಡ್ತಾರ. ಬಸವಲಿಂಗ ಸಾವಕಾರ್ರು ನನ್ನ ಹೆಗಲ ಮ್ಯಾಲ ಕೈ ಹಾಕಿ, ಏನು ಸ್ವಚ್ಛ ಕೆಲಸ ಮಾರಾಯ, ಒಂದು ಕಲಿ ಇಲ್ಲ ಅಂದ್ರು. ಎಲ್ಲಾರ ಮುಂದ ಅಂದ್ರು.

ಒಂದು ಕಲಿ ಇರಲಿಲ್ಲ ಖರೇ. ಆ ಅಂಟೂ ಇರಲಿಲ್ಲ, ರೆಸಿಸ್ಟರೂ ಇರಲಿಲ್ಲ. ಅವು ಇದ್ದಲ್ಲಿ ಸಣ್ಣ ತಂತಿ ತುಂಡು, ನೀಟಾಗಿ ಬೆಸದದ್ದು. ಯಾರೋ ಕಿತ್ತಾರ. ಪೂಜಾದಕ್ಕಿಂತ ಮೊದಲು ಯಾರೋ ಕಿತ್ತು ಜೋಡ್ಸ್ಯಾರ. ಯಾರಂತ ನಾ ಹ್ಯಾಂಗ ಹೇಳ್ಲಿ? ಗೇಟಿನ ಡಬ್ಬಿ, ಹೋಗಾವ್ರು ಬರಾವ್ರು ಸಾವಿರ ಮಂದಿ. ಮೊನ್ನೆ ಗದ್ದಲದಾಗ ಆ ಡಬ್ಬೀನೂ ಮಂದಿ ಕಲ್ಲಿಗೆ ಕುಟ್ಟಿ ಪುಡಿ ಮಾಡಿದ್ರು. ಸಾಬೂತು ಅಂತ ಏನೂ ಉಳದಿಲ್ಲ. ಬೇಕಂದ್ರ ಹಾಕಾಕನ ಮರತಾಳ ಅಂತ ನಂದಿನಿ ಮ್ಯಾಲ ಹಾಕಬೌದು, ನಾ ಹಂಗ ಮಾಡಾಂವಲ್ಲ. ಹೆಣ್ಣಹುಡುಗಿ, ನಾಳೆ ಮದುವಿ ಆಗೂದೈತಿ. ಅದಕ್ಕ ನಿನ್ನ ಹತ್ರ ಬಂದೀನಿ. ನಿನಗ ಹೆಂಗೂ ಬಡದಾರ, ಬಡಸಿಕೊಂಡದ್ದು ಸುಮ್ನ ಹೋಗಬಾರ್ದು ನೋಡು. ನೀ ಒಪ್ಪಿಕೊಂಡ್ರ ಗದ್ದೆಪ್ಪನ ಮಂದೀದೂ ಸಿಟ್ಟು ಇಳೀತೈತಿ. ನಿನಗ ಹೊಡದದ್ದಕ್ಕ ಅವರೂ ಅಂಜ್ಯಾರ, ಕೇಸು ಹಾಕಬ್ಯಾಡ್ರಿ ಅಂತ ಹೇಳಿ ಕಳಿಸ್ಯಾರ. ಅಲ್ಲಿಗಲ್ಲಿಗೆ ಸರಿ ಹೋತು.

ಏನು, ಹೊಡದದ್ದಾ? ಅದನ್ನ ಕೇಳ್ತಿಯೇನು ಕಣ್ಣಾಗ? ಅದನ್ನ ಯಾಕ ನೆನಸ್ತಿ ಈಗ. ಮಂದಿ ಸೇರಿತ್ತು. ಗದ್ದೆಪ್ಪನ್ನ ಟೆಂಪೋದಾಗ ಹಾಕಿ ಕಳಿಸಿದ್ರು, ಹೊಳ್ಳಿ ನೋಡಿದ್ರ ನೀ ಗೇಟಿಗೆ ನಿಂತಿದ್ದಿ, ಬಟನ್ನಿನ ಹತ್ರನ. ಇಂವ ಒತ್ಯಾನ, ಇಂವ ಒತ್ಯಾನ ಅಂತ ಒಬ್ಬಾಂವ ಅಂದ. ಆದ್ರೂ ಯಾರೂ ಕೈ ಎತ್ತಿರಲಿಲ್ಲ. ಸುತ್ತ ನಿಂತಿದ್ರು, ಅಷ್ಟ. ಆವಾಗ ನೀ ಏನೋ ಹೇಳಾಕ ಬಾಯಿ ತೆರದಿ. ಬಟ್ಟು ಮಾಡಿ ಡಬ್ಬಿ ತೋರಿಸಿದಿ. ಅಷ್ಟ್ರಾಗ ಯಾರೋ ಒಬ್ಬಾಂವ ಬಾಯಿಗೇ ಗುದ್ದಿದ. ಒಂದ ಏಟು. ಆ ಒಂದು ಬಿದ್ದದ್ದ ತಡ, ಎಲ್ಲಾರ ಕೈನೂ ಎದ್ವು. ಸಲಿಕಿ ಕಾವು, ಚೀಲ ಎತ್ತೂ ಕೊಂಡಿ, ಬೂಟಗಾಲು... ನಡುವ ಬಿದ್ದು ಬಿಡಿಸಿದಾಂವ ನಾನು. ಬಿಡ್ರೋ, ಸಾಯ್ತಾನ ಬಿಡ್ರೋ ಅಂತ ಒದರಿ ಒದರಿ ಗಂಟಲು ಹರೀತು. ಮೊದಲ ಏಟು ಯಾರದು ಅಂತ ಅಂಥಾ ಮಂದ್ಯಾಗ ಯಾರು ನೋಡ್ತಾರ? ನಾನಂತೂ ನೋಡಿಲ್ಲ. ನಾ ಜನ್ಮದಾಗ ಯಾರ ಮ್ಯಾಲೂ ಕೈ ಎತ್ತಿದಾಂವಲ್ಲ, ನಿನಗ ಗೊತ್ತೈತಿ. ಹೇಣ್ತಿ ಮಕ್ಕಳಿಗೂ ಒಂದು ಪೆಟ್ಟು ಹಾಕಿದಾಂವಲ್ಲ.

ಏನ್ ಹೇಳಾಕ ಬಾಯಿ ತೆರದಿದ್ದಿ ಅವತ್ತು?

ತಲಿ ಆಡಿಸೋ... ಹೌದಂದ್ರ ಹೌದು, ಇಲ್ಲಂದ್ರ ಇಲ್ಲ. ಹಳದಿನ ಒತ್ತೀನಿ ಅಂತ ಹೇಳಾಕ ತೆರದಿದ್ದಿ? ಅಷ್ಟನ? ಅಷ್ಟ ಇದ್ರ ಡಬ್ಬಿ ಯಾಕ ತೋರಿಸಿದಿ?

ವೀರೇಶ.

ರೆಸಿಸ್ಟರ್ ಯಾರೋ ಕಿತ್ತಾರ ಅಂತ ಈಗ ನಿನಗ ಹೇಳಿದೆ. ಇದ ಮಾತನ್ನ ಬಸವಲಿಂಗ ಸಾವಕಾರ್ರಿಗೆ ಹೇಳಿದಾಗ, ಯಾರು, ಯಾವ ಸೂಳೀಮಗ ಅಂತ ಕುರ್ಚಿ ಬಿಟ್ಟು ಎದ್ರು. ಕರಿಬಸಯ್ಯನವರು ಶಿವಶಿವಾ ಅಂತ ಕಣ್ಣು ಅಗಲ ಮಾಡಿದ್ರು. ನಂದಿನಿ ಅಂತೂ ಅತ್ಗೋತ, ಯಾರು ಸರ್, ಯಾರು ಸರ್ ಅಂತ ನನ್ನ ತೋಳು ಹಿಡದು ಜಗ್ಗಿದ್ಲು. ನಿನಗ ಬಾಯಿಲ್ಲ ಖರೇ, ಕಣ್ಣು ಅದಾವಲ್ಲ. ಹುಬ್ಬು ಅದಾವಲ್ಲ. ಒಂದೂ ಅಲ್ಲಾಡಲಿಲ್ಲ. ಗದ್ದೆಪ್ಪನ್ನ ಕೊಂದದ್ದ ಅದು ಅಂತ ಹೇಳಿದ್ರೂ, ಯಾರು ಅಂತ ಕೇಳವಲ್ಲಿ ನೀ.

ಪೂಜಾದ ದಿವಸ ನಸುಕಿನ್ಯಾಗ ಗೇಟಿನ ಹತ್ರ ಯಾರೂ ಇರಲಿಲ್ಲ. ನಾ ಸುತ್ತ ನೋಡೀನಿ. ಒಂದು ನಾಯಿ ಸೈತ... ನೀ ಕಂಬದ ಮ್ಯಾಲ ಇದ್ದೇನು? ಪೂಜಾಕ್ಕ ಲೈಟಿನ ಸರ ಕಟ್ಟಾಕ ಏರಿದ್ದೇನು? ಕೆಳಗ ನೋಡಿದೆ, ಹಿಂದ ನೋಡಿದೆ, ಮ್ಯಾಲ ನೋಡಲಿಲ್ಲ ನಾ. ಮ್ಯಾಲಿಂದ ಡಬ್ಬಿ ಒಳಗಿನದು ಕಾಣಸ್ತೈತೇನು? ಕಟ್ಟರು ಹಿಡದ ಕೈ ಕಾಣಸ್ತೈತೇನು?

ಕಂಡಿದ್ರ ಅವತ್ತ ಯಾಕ ಹೇಳಲಿಲ್ಲೋ? ಅಣ್ಣಾರ, ಯಾಕ ಕೀಳಾಕತ್ತೀರಿ ಅಂತ ಒಂದು ಮಾತು ಮ್ಯಾಲಿಂದ ಒದರಿದ್ರ... ಚಂದ ಕಾಣಲಿ ಅಂತ ತಗದದ್ದದು. ಪೂಜಾ ಮುಗದ ಮ್ಯಾಲ ಹೊಳ್ಳಿ ಹಾಕಬೇಕಂತನ ಇತ್ತು. ಎಲ್ಲಾರೂ ಹೊಗಳಿದ್ರು, ಊಟ ಆತು, ಗಂಟಿ ಹೊಡದು ನೋಡಿದ್ವಿ, ಚಲೋ ನಡೀತಿತ್ತು, ಇವತ್ತು ನಾಳೆ ಅನ್ನೂದ್ರಾಗ... ಹಂಗಂತ ಅದನ್ನ ಕಿತ್ತಾಂವ ಅನ್ಕೊಂಡಿರಬೌದು ಅಂತ ಹೇಳಾಕತ್ತೀನಿ. ಯಾರೋ ಅಂವ. ನಂಗೇನು ಗೊತ್ತು.

ಬಾಗಲದಾಗ ಮಾತು ಕೇಳಸಾಕತ್ತಾವ. ಬೂಟಿನ ಸಪ್ಪಳ ಅದು, ಬಂದ್ರು. ನೋಡು ವೀರೇಶ, ಬಂಗಾರದಂಥಾ ತಮ್ಮ ಅಲ್ಲೇನೋ ನೀ, ಒಂದ ಸಲ ತಲಿ ಆಡಿಸು, ನಿನ್ನ ಮನಿ ದೀಪ ನಾ ಆರಗೊಡಂಗಿಲ್ಲ. ಆಡಸಂಗಿಲ್ಲ ಅಂದ್ರ, ರೇಣುಕಮ್ಮ ಒಬ್ಬಾಕಿ ಇರ್ತಾಳ ಮನ್ಯಾಗ, ಸಾಲಗುಂದದ ಮಂದಿ ಹ್ಯಾಂಗ ಐತಿ ಅಂತ ನೀ ನೋಡಿದಿ, ಆಮ್ಯಾಲ ನಾ ಏನೂ...

ಏ, ಇದೇನಿದು.

ಯಾವಾಗ ಹಿಡದಿ ನೀ ನನ್ನ ಕೈ? ಬಿಡು. ಸೂಜಿ ಚುಚ್ಚಿದ ಕೈಲೆ ಹಿಡದಿಯಲ್ಲೋ, ಪೈಪಿನ್ಯಾಗ ರಕ್ತ ಏರಾಕತ್ತೈತಿ ನೋಡು. ಮಾತಾಡ್ಕೋತ ಕುಂತೆ, ನೀ ಒಂದೊಂದ ಬಟ್ಟು ಒಂದೊಂದ ಬಟ್ಟು ಸರಿಸಿ... ಇಷ್ಟು ಸಾವಕಾಶ ಹಿಡದಿ, ನನಗ ಗೊತ್ತಾಗಲೇ ಇಲ್ಲ. ಕರ್ಚೀಪು ಬಿಚ್ಚಬ್ಯಾಡ. ಬಿಚ್ಚಬ್ಯಾಡ ಅಂದೆ. ಸುಟ್ಟದ್ದಲೇ ಅದು, ಸುಟ್ಟದ್ದು... ಬಾಯಿ ಹತ್ರ ಯಾಕ ಒಯ್ತಿ? ತುಟಿ ಯಾಕ ತೆರದಿ? ಮುಂದಿನ ಹಲ್ಲು ಎರಡೂ ಇಲ್ಲಲ್ಲೋ ಅಲ್ಲಿ, ಅಲ್ಲಿ ಯಾಕ ಇಡ್ತಿ ನನ್ನ ಬಟ್ಟಿನ ಗೆಣ್ಣು? ನೋಯ್ತೈತಿ, ಬಿಡು.

ಬರ್ರಿ ಸಾಹೇಬ್ರ... ಬರ್ರಿ. ಏನಿಲ್ರಿ, ನಮ್ಮ ಹುಡುಗ್ರಿ, ನನ್ನ ಕೈಯಾಗ ಬೆಳದಾಂವ. ಪ್ರೀತಿಗೆ ಕೈ ಹಿಡಕೊಂಡಾನ. ಸಿಸ್ಟರ್, ನೀವು ಯಾಕ ಬಂದ್ರಿ? ಯಾಕ ಇಷ್ಟು ಹತ್ರ ಬಂದು ನೋಡ್ತೀರಿ? ಇದು ಹಲ್ಲಿನ ಗಾಯ ಅಂತ ಯಾರು ಹೇಳಿದ್ರಿ ನಿಮಗ? ರೇಣುಕಮ್ಮ, ನೀ ಹೊರಗ ನಿಂದ್ರವ್ವ. ಹಂಗ ನೋಡಬ್ಯಾಡ ನನ್ನ.

ಜನ್ಮದಾಗ ಒಮ್ಮೆ ಎತ್ತಿದ್ದು ಈ ಕೈ, ಸಾಹೇಬ್ರ. ಒಂದ ಒಮ್ಮೆ... ಇಲ್ಲ, ಆ ಮಾತು ನಾ ಬ್ಯಾರೆದ್ದಕ್ಕ ಅಂದೆ. ವೀರೇಶ, ಕೈ ಬಿಡೋ. ಸುಮ್ನ ಯಾಕಿದ್ದಿ? ಸುಮ್ನ ಇರಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ. ಏನಾರ ಅನ್ನು.